ಅನುದಾನ ಬೇಕೆ? ಮೊದಲು ಲೆಕ್ಕದ ಪುಸ್ತಕ ತೆಗೆಯಿರಿ

ನಿಮ್ಮ ಬಡಾವಣೆಯಲ್ಲೂ ಒಂದು ಮಹಿಳಾ ಮಂಡಳಿ ಇರಬೇಕಲ್ಲ? ನವರಾತ್ರಿಗೆ ಗೊಂಬೆ ಸ್ಪರ್ಧೆ, ನವೆಂಬರಿನಲ್ಲಿ ರಾಜ್ಯೋತ್ಸವ, ಮಾರ್ಚ್ 8ಕ್ಕೆ ಯಾರನ್ನಾದರೂ ಕರೆಸಿ ಒಂದು ಭಾಷಣ, ವರ್ಷಕ್ಕೊಂದು ಸಣ್ಣ ಟೂರು. ನಡುವೆ ಯಾರಾದರೊಬ್ಬರು ‘ಬರೀ ರಂಗೋಲಿ ಹಾಕ್ಕೊಂಡು ಕೂತಿದ್ರೆ ಸಾಕೇನ್ರೀ, ಏನಾದ್ರೂ ಒಳ್ಳೇ ಕೆಲಸ ಮಾಡೋಣ’ ಅಂತಾರೆ. ಎಲ್ಲರೂ ಹೌದು ಹೌದು ಅಂತ ತಲೆಯಾಡಿಸ್ತೀವಿ. ‘ದುಡ್ಡು ಯಾರು ಕೊಡ್ತಾರೆ?’ ಅನ್ನುವಲ್ಲಿಗೆ ಮಾತು ನಿಲ್ಲುತ್ತದೆ. ಅಷ್ಟರಲ್ಲಿ ಕಾಫಿ ಬರುತ್ತದೆ.

ದುಡ್ಡು ಕೊಡುವವರು ಇದ್ದಾರೆ. ಒಳ್ಳೆಯ ಕೆಲಸಕ್ಕೆ ಅನುದಾನ ಕೊಡುವುದಕ್ಕೆಂದೇ ಇರುವ ಪ್ರತಿಷ್ಠಾನಗಳು, ಟ್ರಸ್ಟುಗಳು, ಕಂಪನಿಗಳು ನಮ್ಮ ರಾಜ್ಯದಲ್ಲೇ ಇವೆ. ಅವರನ್ನು ಕೇಳುವುದಕ್ಕೆ ಚೆಂದದ ಇಂಗ್ಲಿಷು ಬೇಕು, ದೊಡ್ಡವರ ಪರಿಚಯ ಬೇಕು ಅಂತ ನಾವೂ ಅಂದುಕೊಂಡಿದ್ದೆವು. ಎರಡೂ ಇಟ್ಟುಕೊಂಡು ಹೋಗಿ ಬರಿಗೈಲಿ ವಾಪಸು ಬಂದೆವು. ಆ ಪೆಟ್ಟು ನಿಮಗೆ ಬೀಳದಿರಲಿ ಅಂತ ಇಷ್ಟು ಬರೀತಾ ಇದ್ದೀನಿ.

‘ದೊಡ್ಡವಳಿಗೆ ಪರೀಕ್ಷೆ ಅಕ್ಕಾ’

ನಮ್ಮದು ಮೈಸೂರಿನ ಒಂದು ಹಳೇ ಬಡಾವಣೆ. ಹಿಂದಿನ ದೊಡ್ಡ ಮೋರಿ ದಾಟಿದರೆ ಸಾಲು ಮನೆಗಳ ಕಾಲೊನಿ. ನಮ್ಮ ಮನೆಗಳಲ್ಲಿ ಪಾತ್ರೆ ತೊಳೆದು, ಗುಡಿಸಿ ಒರೆಸುವ ಹೆಂಗಸರೆಲ್ಲ ಬರುವುದು ಅಲ್ಲಿಂದಲೇ. 2022ರ ಮಾರ್ಚಿನಲ್ಲಿ ಒಂದು ದಿನ ನಮ್ಮ ಮನೆಗೆ ಬರುವಾಕೆ ಒಂದೂವರೆ ವರ್ಷದ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದಳು. ‘ದೊಡ್ಡವಳಿಗೆ ಪರೀಕ್ಷೆ ಅಕ್ಕಾ, ಇವತ್ತೊಂದಿನ ಅಡ್ಜಸ್ಟ್ ಮಾಡ್ಕೊಳಿ’ ಅಂದಳು. ಮಗುವಿಗೆ ಒಂದು ಬಿಸ್ಕತ್ತು ಕೊಟ್ಟು ಸುಮ್ಮನಾದೆ. ಸಂಜೆ ಹೊತ್ತಿಗೆ ತಲೆಗೆ ಹೊಳೆಯಿತು. ಹಾಗಾದರೆ ಪರೀಕ್ಷೆ ಇಲ್ಲದ ದಿನ ಈ ಕೂಸನ್ನು ನೋಡಿಕೊಳ್ಳುವವರು ಯಾರು? ನಾಲ್ಕನೇ ಕ್ಲಾಸಿನ ಆ ಹುಡುಗಿಯೇ. ಅಂದರೆ ಅವಳು ಶಾಲೆಗೆ ಹೋಗುತ್ತಿದ್ದದ್ದು ಪರೀಕ್ಷೆ ಬರೆಯುವುದಕ್ಕೆ ಮಾತ್ರ.

ಅಂಗನವಾಡಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ. ಆದರೆ ಮಕ್ಕಳನ್ನು ಕೂರಿಸಿ ಕಲಿಸುವುದು ಮೂರು ತುಂಬಿದ ಮೇಲೆ. ಅದಕ್ಕಿಂತ ಚಿಕ್ಕವಕ್ಕೆ ಬೆಳಗಿನಿಂದ ಸಂಜೆಯವರೆಗೆ ಇರುವ ಜಾಗ ಆ ಕಾಲೊನಿಯ ಸುತ್ತಮುತ್ತ ಎಲ್ಲೂ ಇರಲಿಲ್ಲ. ಮಂಡಳಿಯ ಸಭೆಯಲ್ಲಿ ಹೇಳಿದೆ. ಒಂದು ಶಿಶುವಿಹಾರ ಮಾಡೋಣ ಅಂತ ತೀರ್ಮಾನವಾಯಿತು. ಅಪರೂಪಕ್ಕೆ, ಯಾರೂ ಜಗಳ ಮಾಡಲಿಲ್ಲ!

ಸದಸ್ಯೆಯೊಬ್ಬರ ಅಳಿಯ ಸಾಫ್ಟ್‌ವೇರಿನವರು. ಅವರೇ ಕೂತು ಹನ್ನೊಂದು ಪುಟದ ಇಂಗ್ಲಿಷ್ ಅರ್ಜಿ ಬರೆದುಕೊಟ್ಟರು. ‘ಈ ಭಾಗದ ಮಹಿಳೆಯರ ಮತ್ತು ಮಕ್ಕಳ ಸರ್ವಾಂಗೀಣ ಅಭಿವೃದ್ಧಿ’ ಎಂಬ ಅರ್ಥದ ಮಾತು ನಾಲ್ಕು ಕಡೆ ಇತ್ತು. ದೀಪ ಬೆಳಗಿಸುವ ಫೋಟೋ ಮೂರು. ಕೇಳಿದ್ದು 25 ಲಕ್ಷ. ಯಾಕೆ 25 ಅಂತ ನಮಗೂ ಗೊತ್ತಿರಲಿಲ್ಲ; ದೊಡ್ಡವರ ಹತ್ತಿರ ದೊಡ್ಡದಾಗೇ ಕೇಳಬೇಕು ಅಂತ ಯಾರೋ ಹೇಳಿದ್ದರು. ಎರಡು ತಿಂಗಳಾದ ಮೇಲೆ ಎರಡು ಸಾಲಿನ ಉತ್ತರ ಬಂತು, ಆಗುವುದಿಲ್ಲ ಅಂತ. ನಾನು ಮೊಂಡು ಬಿದ್ದು ಫೋನ್ ಮಾಡಿದೆ. ಆ ಕಡೆಯ ಹುಡುಗಿ ಮರ್ಯಾದೆಯಿಂದಲೇ ಮಾತಾಡಿದಳು. ‘ಮೇಡಂ, ಎಷ್ಟು ಮಕ್ಕಳಿಗೆ ಅಂತ ಅರ್ಜಿಯಲ್ಲಿ ಎಲ್ಲೂ ಇಲ್ವಲ್ಲ? ಕಳೆದ ಮೂರು ವರ್ಷದ ಆಡಿಟ್ ಆದ ಲೆಕ್ಕ ಇದೆಯಾ?’

ಎರಡಕ್ಕೂ ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಂಡಳಿಯ ಜಾತಕ ಸರಿಯಿದೆಯೇ?

ಎರಡನೇ ಪ್ರಶ್ನೆಯನ್ನೇ ಮೊದಲು ನೋಡೋಣ. ನಮ್ಮ ಮಂಡಳಿಯ ಲೆಕ್ಕವೆಲ್ಲ ಇದ್ದದ್ದು ಖಜಾಂಚಿಯವರ ಮನೆಯ ಬೀರುವಿನಲ್ಲಿ, ಡೈರಿಗಳಲ್ಲಿ. ‘ಅರಿಶಿನ ಕುಂಕುಮ, ಬಳೆ – 340’, ‘ಹಾರ – 120, ಬಾಕಿ ಕೊಡಬೇಕು’ ಹೀಗೆ. ಒಂದು ಪೈಸೆಯೂ ಆಚೀಚೆ ಆಗಿರಲಿಲ್ಲ, ಅದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಆದರೆ ಪ್ರಮಾಣ ಯಾರಿಗೆ ಬೇಕು? ರಸೀದಿ ಬೇಕು. ಬ್ಯಾಂಕ್ ಖಾತೆ ಇನ್ನೂ ತೀರಿಹೋದ ಅಧ್ಯಕ್ಷೆಯ ಸಹಿಯಲ್ಲೇ ಇತ್ತು. 1994ರಲ್ಲಿ ನೋಂದಣಿಯಾದ ಮಂಡಳಿ ವರ್ಷ ವರ್ಷ ಸಲ್ಲಿಸಬೇಕಾದ ಕಾಗದ ಸಲ್ಲಿಸಿ ಏಳು ವರ್ಷವಾಗಿತ್ತು.

ನಿಮ್ಮ ಮಂಡಳಿಯ ಸ್ಥಿತಿ ಇದಕ್ಕಿಂತ ಚೆನ್ನಾಗಿದ್ದರೆ ಸಂತೋಷ. ಇಲ್ಲದಿದ್ದರೆ ನಾಳೆಯೇ ಶುರು ಮಾಡಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಏಳು ಮಂದಿ ಸೇರಿದರೆ ಸಂಘವನ್ನು ನೋಂದಾಯಿಸಬಹುದು. ಆದರೆ ಅದು ಮಗು ಹುಟ್ಟಿದಾಗ ಬರೆಸುವ ಜಾತಕದಂತಲ್ಲ, ಒಮ್ಮೆ ಬರೆಸಿ ಪೆಟ್ಟಿಗೆಯಲ್ಲಿ ಇಡೋಕೆ. ಪ್ರತಿವರ್ಷ ಸರ್ವ ಸದಸ್ಯರ ಸಭೆ ಆಗಬೇಕು. ಆಮೇಲೆ ಕಾರ್ಯಕಾರಿ ಸಮಿತಿಯವರ ಪಟ್ಟಿ, ಆಡಿಟ್ ಆದ ಜಮಾಖರ್ಚು ಎರಡೂ ಜಿಲ್ಲಾ ಸಂಘಗಳ ನೋಂದಣಾಧಿಕಾರಿ ಕಚೇರಿಗೆ ಹೋಗಬೇಕು. ಬಾಕಿ ಬಿದ್ದಿದ್ದರೆ ದಂಡ ಕಟ್ಟಿ ಸರಿಪಡಿಸಿಕೊಳ್ಳಬೇಕು. ನಾವು ಕಟ್ಟಿದೆವು. ದಂಡಕ್ಕಿಂತ ಹೆಚ್ಚು ಖರ್ಚಾದದ್ದು ಆಟೋಗೆ.

ನಡವಳಿ ಪುಸ್ತಕದ ಬಗ್ಗೆ ಒಂದು ಮಾತು. ಸಭೆಯಲ್ಲಿ ಏನು ತೀರ್ಮಾನವಾಯಿತು, ಯಾರು ಸೂಚಿಸಿದರು, ಯಾರು ಅನುಮೋದಿಸಿದರು, ಹಾಜರಿದ್ದವರ ಸಹಿ ಇಷ್ಟೂ ಅವತ್ತವತ್ತೇ ಬರೆದಿಡಿ. ಅರ್ಜಿಯ ಜೊತೆ ‘ಈ ಅನುದಾನ ಕೇಳಲು ಸಮಿತಿ ನಿರ್ಣಯಿಸಿದೆ’ ಎಂಬ ಪುಟದ ನಕಲು ಕೇಳುತ್ತಾರೆ.

ಇನ್ನು ಪ್ಯಾನ್ ಕಾರ್ಡ್ ಮಂಡಳಿಯ ಹೆಸರಿನಲ್ಲಿರಬೇಕು. ಖಾತೆಯೂ ಅಷ್ಟೇ, ಹಣ ತೆಗೆಯಲು ಕನಿಷ್ಠ ಇಬ್ಬರ ಸಹಿ ಇರಲಿ. ಅದರ ಮೇಲೆ ಆದಾಯ ತೆರಿಗೆ ಇಲಾಖೆಯ ಎರಡು ನೋಂದಣಿ: ಮಂಡಳಿಯ ಆದಾಯಕ್ಕೆ ತೆರಿಗೆ ಬೀಳದಿರುವುದಕ್ಕೆ ಒಂದು, ನಿಮಗೆ ದಾನ ಕೊಟ್ಟವರಿಗೆ ತೆರಿಗೆಯಲ್ಲಿ ರಿಯಾಯಿತಿ ಸಿಗುವುದಕ್ಕೆ ಇನ್ನೊಂದು. 12ಎ, 80ಜಿ ಅಂತ ಎಲ್ಲರ ಬಾಯಲ್ಲಿ ಇರುವುದು ಇವೇ. ಅವು 1961ರ ಕಾಯ್ದೆಯ ಸೆಕ್ಷನ್ನುಗಳು. 2025ರ ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, ಅದರಲ್ಲಿ ನಂಬರುಗಳು ಬೇರೆ. ನಂಬರಿನ ಚಿಂತೆ ಆಡಿಟರಿಗೆ ಬಿಡಿ. ನೀವು ನೆನಪಿಡಬೇಕಾದದ್ದು, ಹಿಂದಿನಂತೆ ಒಮ್ಮೆ ಸಿಕ್ಕಿದರೆ ಶಾಶ್ವತ ಅಂತಿಲ್ಲ. 2021ರಿಂದ ಈಚೆಗೆ ಈ ನೋಂದಣಿಗಳಿಗೆ ಅವಧಿಯಿದೆ. ಮುಗಿಯುವ ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬೇಕು. ಗ್ಯಾಸ್ ಬುಕ್ ಮಾಡಿದ ದಿನ ಬರೆದುಕೊಳ್ಳುವ ಅಡುಗೆಮನೆ ಕ್ಯಾಲೆಂಡರಿನಲ್ಲಿ ಆ ತಾರೀಖನ್ನೂ ಬರೆದುಬಿಡಿ. ನೀತಿ ಆಯೋಗದ ‘ಎನ್‌ಜಿಒ ದರ್ಪಣ್’ನಲ್ಲಿ ನೋಂದಾಯಿಸಿ ಒಂದು ಸಂಖ್ಯೆ ಪಡೆಯಿರಿ, ಅದನ್ನೂ ಬಹಳ ಕಡೆ ಕೇಳುತ್ತಾರೆ.

ಇಷ್ಟನ್ನೂ ಸರಿ ಮಾಡಿಕೊಳ್ಳಲು ನಮಗೆ ಹಿಡಿದದ್ದು ಒಂದೂವರೆ ವರ್ಷ! ಓದುವಾಗ ತಮಾಷೆ ಅನ್ನಿಸಬಹುದು. ನಮ್ಮ ಶಿಶುವಿಹಾರ ಬಾಗಿಲು ತೆರೆದದ್ದು 2024ರ ಆಗಸ್ಟಿನಲ್ಲಿ. ಅಷ್ಟು ಹೊತ್ತಿಗೆ ನಮ್ಮ ಮನೆಗೆ ಬಂದಿದ್ದ ಆ ಕೂಸಿಗೆ ನಾಲ್ಕು ತುಂಬುತ್ತಾ ಬಂದು, ಅಂಗನವಾಡಿ ಸೇರಿತ್ತು. ಏಳನೇ ಕ್ಲಾಸಿನಲ್ಲಿ ಇರಬೇಕಿದ್ದ ಅದರ ಅಕ್ಕ ಶಾಲೆ ಬಿಟ್ಟು ವರ್ಷವಾಗಿತ್ತು. ಅವಳನ್ನು ಮತ್ತೆ ಶಾಲೆಗೆ ಸೇರಿಸಲು ಓಡಾಡಿದ್ದು ಬೇರೆ ಕಥೆ. ಡೈರಿಯ ಬದಲು ಒಂದು ಲೆಡ್ಜರ್ ಇಟ್ಟಿದ್ದರೆ, ವರ್ಷಕ್ಕೊಮ್ಮೆ ಆಡಿಟರ ಹತ್ತಿರ ಹೋಗಿದ್ದರೆ, ಆ ಹುಡುಗಿಯ ಎರಡು ವರ್ಷ ಉಳಿಯುತ್ತಿತ್ತು.

ಚೀಲ ಹಿಡಿದು ಮನೆ ಮನೆಗೆ

ಕಾಗದದ ಓಡಾಟ ನಡೆದಿದ್ದಾಗಲೇ ಮೊದಲನೇ ಪ್ರಶ್ನೆಗೂ ಉತ್ತರ ಹುಡುಕಿದೆವು: ಎಷ್ಟು ಮಕ್ಕಳು? ಇಬ್ಬಿಬ್ಬರಾಗಿ ನಾಲ್ಕು ಭಾನುವಾರ ಕಾಲೊನಿಗೆ ಹೋದೆವು. ಕೆಲಸದ ದಿನ ಹೋದರೆ ಬೀಗ ನೋಡಿಕೊಂಡು ಬರಬೇಕು. ಕೇಳಿದ್ದು ನಾಲ್ಕೇ ಪ್ರಶ್ನೆ. ಮನೆಯಲ್ಲಿ ಮೂರು ವರ್ಷದೊಳಗಿನ ಮಕ್ಕಳೆಷ್ಟು, ತಾಯಿ ಎಷ್ಟು ಗಂಟೆಗೆ ಹೋಗಿ ಎಷ್ಟಕ್ಕೆ ಬರುತ್ತಾಳೆ, ಆ ಹೊತ್ತಿನಲ್ಲಿ ಮಗು ಯಾರ ಹತ್ತಿರ, ಒಂದು ಜಾಗ ಇದ್ದರೆ ಕಳಿಸುತ್ತೀರಾ.

112 ಮನೆಗಳಲ್ಲಿ ಮೂರು ವರ್ಷದೊಳಗಿನವು 31. ಅದರಲ್ಲಿ ತಾಯಿ ಹೊರಗೆ ದುಡಿಯುವ ಮನೆಯ ಮಕ್ಕಳು 23. ಎಂಟು ಮನೆಗಳಲ್ಲಿ ಮಗುವನ್ನು ನೋಡಿಕೊಳ್ಳುತ್ತಿದ್ದದ್ದು ಶಾಲೆಗೆ ಹೋಗಬೇಕಾದ ವಯಸ್ಸಿನ ಅಕ್ಕ. ಒಂದು ಮನೆಯಲ್ಲಿ ಅಣ್ಣ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿಯನ್ನು ಕೇಳಿದೆವು. ಆ ಒಂಬತ್ತೂ ಮಕ್ಕಳು ಹಾಜರಿಯಲ್ಲಿ ಹಿಂದೆ ಬಿದ್ದವರೇ ಅಂದರು.

ನೋಡಿ, ಅರ್ಜಿಯ ಪ್ರಾಣ ಸಿಕ್ಕಿದ್ದು ಇಲ್ಲಿ. ನಾವು ಕೂಸುಗಳಿಗೆ ಅಂತ ಹೊರಟಿದ್ದು. ಲೆಕ್ಕ ನೋಡಿದರೆ ಶಿಶುವಿಹಾರದಿಂದ ಶಾಲೆಗೆ ಹೋಗುವವರು ಅವುಗಳ ಅಕ್ಕಂದಿರು. 23 ಮಕ್ಕಳಿಗೆ ಜಾಗ, ಒಂಬತ್ತು ಮಕ್ಕಳಿಗೆ ಶಾಲೆ. ಇದನ್ನು ಹೇಳುವುದಕ್ಕೆ ಇಂಗ್ಲಿಷಿನ ದೊಡ್ಡ ಪದ ಒಂದೂ ಬೇಡ.

ನಿಮ್ಮದು ಬೇರೆ ಕೆಲಸ ಇರಬಹುದು. ಪಾರ್ಕಿನ ಪಕ್ಕ ಗ್ರಂಥಾಲಯ, ಸರ್ಕಾರಿ ಶಾಲೆಗೆ ಹೆಣ್ಣುಮಕ್ಕಳ ಶೌಚಾಲಯ, ಒಂಟಿ ವೃದ್ಧರಿಗೆ ಮಧ್ಯಾಹ್ನದ ಊಟ. ಏನೇ ಇರಲಿ, ಮೊದಲು ಹೋಗಿ ಎಣಿಸಿ. ಎಣಿಸುವಾಗ ನೀವು ಅಂದುಕೊಂಡದ್ದು ತಪ್ಪು ಅಂತಲೂ ಗೊತ್ತಾಗಬಹುದು. ನಮ್ಮವರೊಬ್ಬರು ಆ ಹೆಂಗಸರಿಗೆ ಹೊಲಿಗೆ ಮೆಷಿನ್ ಕೊಡಿಸೋಣ ಅಂತ ಹಟ ಹಿಡಿದಿದ್ದರು. ಕಾಲೊನಿಯಲ್ಲಿ ಒಬ್ಬರೂ ಮೆಷಿನ್ ಕೇಳಲಿಲ್ಲ!

ಯಾರ ಬಾಗಿಲು ತಟ್ಟಬೇಕು?

ದುಡ್ಡು ಕೊಡುವವರಲ್ಲೂ ಬಗೆ ಬಗೆ. ಹಳೆಯ ದೊಡ್ಡ ಟ್ರಸ್ಟುಗಳಿವೆ: ಸರ್ ರತನ್ ಟಾಟಾ ಟ್ರಸ್ಟ್ 1919ರಲ್ಲಿ ಶುರುವಾದದ್ದು, ಸರ್ ದೊರಾಬ್ಜಿ ಟಾಟಾ ಟ್ರಸ್ಟ್ 1932ರಲ್ಲಿ. ನಮ್ಮ ಬೆಂಗಳೂರಿನ ಅಜೀಂ ಪ್ರೇಮ್‌ಜಿ ಫೌಂಡೇಶನ್ ಶಾಲಾ ಶಿಕ್ಷಣದಲ್ಲಿ ತಾನೇ ಕೆಲಸ ಮಾಡುವುದರ ಜೊತೆಗೆ ಬೇರೆ ಸಂಸ್ಥೆಗಳಿಗೂ ಅನುದಾನ ಕೊಡುತ್ತದೆ. ಇಂಥವರು ಯಾವ ಯಾವ ವಿಷಯಕ್ಕೆ, ಯಾವ ಜಿಲ್ಲೆಗಳಲ್ಲಿ ಕೊಡುತ್ತಾರೆ ಎಂಬುದನ್ನು ಓದದೆ ಅರ್ಜಿ ಕಳಿಸಬೇಡಿ. ನೀರಿಗೆ ಕೊಡುವವರ ಹತ್ತಿರ ಹೋಗಿ ಹಾಡಿನ ಕ್ಲಾಸಿಗೆ ಕೇಳಿದರೆ ಅವರಾದರೂ ಏನು ಮಾಡಿಯಾರು?

ಎರಡನೆಯದು ಕಂಪನಿಗಳ ಸಿಎಸ್‌ಆರ್ ಹಣ. ಇನ್ಫೋಸಿಸ್ ಫೌಂಡೇಶನ್ನಿನಂಥವು 1996ರಿಂದಲೇ ಇದ್ದವು. 2013ರ ಕಂಪನಿ ಕಾಯ್ದೆ ಬಂದ ಮೇಲೆ, 2014ರ ಏಪ್ರಿಲ್ 1ರಿಂದ, ಇದು ಕಾನೂನೇ ಆಯಿತು. ಕಂಪನಿಯ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1000 ಕೋಟಿ, ನಿವ್ವಳ ಲಾಭ 5 ಕೋಟಿ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಮುಟ್ಟಿದರೆ ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕು. ನಮಗೆ ಉಪಯೋಗಕ್ಕೆ ಬರುವ ಮಾತು ಅದೇ ಕಾಯ್ದೆಯಲ್ಲಿ ಇನ್ನೊಂದಿದೆ. ಕಂಪನಿ ತಾನಿರುವ ಊರಿಗೆ, ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಅಂತ. ಹಾಗಾಗಿ ಮುಂಬೈ ಕಡೆ ನೋಡುವ ಮುಂಚೆ ಊರಾಚೆಯ ಕೈಗಾರಿಕಾ ಪ್ರದೇಶದ ಕಡೆ ನೋಡಿ. ಮೈಸೂರಿನವರಿಗೆ ಹೆಬ್ಬಾಳ, ಹೂಟಗಳ್ಳಿ ಎಷ್ಟು ದೂರ? ನಿಮ್ಮ ಯಜಮಾನರೋ ಪಕ್ಕದ ಮನೆಯವರೋ ಅಲ್ಲಿ ಕೆಲಸಕ್ಕಿದ್ದರೆ ಸಿಎಸ್‌ಆರ್ ನೋಡಿಕೊಳ್ಳುವವರ ಹೆಸರು ಕೇಳಿ ತನ್ನಿ. ಪರಿಚಯ ಬಾಗಿಲವರೆಗೆ ಬರುತ್ತದೆ. ಅಲ್ಲಿಂದ ಒಳಕ್ಕೆ ಲೆಕ್ಕವೇ ಕರೆದುಕೊಂಡು ಹೋಗಬೇಕು.

ಆದರೆ ತೊಡಕು ಇದೆ. 2021ರ ಏಪ್ರಿಲ್ 1ರಿಂದ ಕಂಪನಿಯ ಹಣ ಪಡೆಯುವ ಸಂಸ್ಥೆ ‘ಸಿಎಸ್‌ಆರ್–1’ ಎಂಬ ಫಾರಂ ತುಂಬಿ ನೋಂದಣಿ ಸಂಖ್ಯೆ ಪಡೆದಿರಬೇಕು. ಮೇಲೆ ಹೇಳಿದ ತೆರಿಗೆ ನೋಂದಣಿಗಳು ಇರಬೇಕು. ಅಂಥದ್ದೇ ಕೆಲಸದಲ್ಲಿ ಕನಿಷ್ಠ ಮೂರು ವರ್ಷದ ಅನುಭವವೂ ಬೇಕು. ನಿನ್ನೆ ಶುರುವಾದ ಮಂಡಳಿಗೆ ಇದು ಸಿಗುವುದಿಲ್ಲ. ಬೇಸರ ಬೇಡ, ಸಣ್ಣದಾಗಿ ಶುರು ಮಾಡಿ. ವಾರಕ್ಕೆರಡು ಸಂಜೆ ಪಾಠ ಹೇಳಿಕೊಟ್ಟರೂ ಅದು ಅನುಭವವೇ, ಹಾಜರಿ ಪುಸ್ತಕ ಇಟ್ಟಿದ್ದರೆ!

ಮೂರನೆಯದು, ನಾವು ಅಸಡ್ಡೆ ಮಾಡುವ ಊರಿನ ಕ್ಲಬ್ಬುಗಳು. ಇನ್ನರ್ ವ್ಹೀಲ್, ಲಯನ್ಸ್, ರೋಟರಿ. ರೋಟರಿ ಫೌಂಡೇಶನ್ನಿಗೆ 1918ರಲ್ಲಿ ಬಂದ ಮೊಟ್ಟಮೊದಲ ದೇಣಿಗೆ ಇಪ್ಪತ್ತಾರೂವರೆ ಡಾಲರ್ ಮಾತ್ರ. ಸಣ್ಣ ಹಣಕ್ಕೆ ನಾಚುವವರು ಇದನ್ನು ನೆನಪಿಟ್ಟುಕೊಳ್ಳಬೇಕು. ಅವರ ಜಿಲ್ಲಾ ಮಟ್ಟದ ಅನುದಾನ ಇರುವುದೇ ಸಣ್ಣ, ಬೇಗ ಮುಗಿಯುವ ಕೆಲಸಗಳಿಗೆ. ಅರ್ಜಿ ಕ್ಲಬ್ಬಿನ ಮೂಲಕವೇ ಹೋಗಬೇಕು. ಹಾಗಾಗಿ ಹತ್ತಿರದ ಕ್ಲಬ್ಬಿನವರನ್ನು ಒಮ್ಮೆ ಕರೆದು ಜಾಗ ತೋರಿಸಿ. ನೀರಿನ ಫಿಲ್ಟರು, ತೊಟ್ಟಿಲು, ಕಪಾಟು ಇಂಥವಕ್ಕೆ ಇದು ಒಳ್ಳೆಯ ದಾರಿ. ತಿಂಗಳ ಸಂಬಳಕ್ಕೆ ಇವರನ್ನು ನಂಬಿಕೊಳ್ಳಬೇಡಿ.

ಅಮೆರಿಕದಿಂದ ಮಗ ಕಳಿಸಿದರೆ?

ಇದನ್ನು ಬೇರೆಯಾಗಿಯೇ ಹೇಳಬೇಕು, ಯಾಕೆಂದರೆ ನಮ್ಮಲ್ಲಿ ಅರ್ಧ ಜನರ ಮಕ್ಕಳು ಹೊರದೇಶದಲ್ಲಿದ್ದಾರೆ. ‘ಅಮ್ಮಾ, ನಿಮ್ಮ ಮಂಡಳಿಗೆ ಐನೂರು ಡಾಲರ್ ಹಾಕ್ತೀನಿ’ ಅಂತ ಮಗ ಅಂದರೆ ಹಿಗ್ಗಿ ಖಾತೆ ನಂಬರ್ ಕೊಟ್ಟುಬಿಡಬೇಡಿ. ಅವನ ಪಾಸ್‌ಪೋರ್ಟ್ ಯಾವ ದೇಶದ್ದು ಅಂತ ಮೊದಲು ಕೇಳಿ.

ಅವನಿನ್ನೂ ಭಾರತದ ಪ್ರಜೆಯಾಗಿದ್ದು, ತನ್ನ ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿನ ಪ್ರಜೆಯಾಗಿದ್ದರೆ, ಅವನು ಹುಟ್ಟಿದ್ದು ಚೆಲುವಾಂಬ ಆಸ್ಪತ್ರೆಯಲ್ಲೇ ಆದರೂ, ಅದು ವಿದೇಶಿ ದೇಣಿಗೆಯೇ. ಅವನ ಕಂಪನಿ ಅವನ ಹೆಸರಿನಲ್ಲಿ ಸೇರಿಸಿ ಕೊಡುವ ಹಣವೂ ಅಷ್ಟೇ. ಅದನ್ನು ಪಡೆಯಲು ಎಫ್‌ಸಿಆರ್‌ಎ ಎಂಬ ಕಾಯ್ದೆಯ ಅಡಿ ಕೇಂದ್ರ ಗೃಹ ಇಲಾಖೆಯ ನೋಂದಣಿ ಬೇಕು. ಅದು ಸಿಗಬೇಕಾದರೆ ಸಂಸ್ಥೆಗೆ ಮೂರು ವರ್ಷ ಆಗಿರಬೇಕು, ಆ ಅವಧಿಯಲ್ಲಿ 15 ಲಕ್ಷ ರೂಪಾಯಿ ತನ್ನ ಕೆಲಸಕ್ಕೆ ಖರ್ಚು ಮಾಡಿರಬೇಕು. 2020ರ ತಿದ್ದುಪಡಿಯಾದ ಮೇಲೆ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ಅದನ್ನು ಪಡೆದ ಸಂಸ್ಥೆ ಇನ್ನೊಂದು ಸಂಸ್ಥೆಗೆ ಹಂಚುವಂತೆಯೂ ಇಲ್ಲ. ‘ನೋಂದಣಿ ಇರುವ ಬೇರೆಯವರ ಖಾತೆಗೆ ಹಾಕಿಸಿ ಅಲ್ಲಿಂದ ತಗೊಳ್ಳೋಣ’ ಎಂಬ ಉಪಾಯ ನಡೆಯುವುದಿಲ್ಲ. ಸಣ್ಣ ಮಂಡಳಿಗಳು ಈ ದಾರಿಯ ಆಸೆ ಬಿಡುವುದೇ ನೆಮ್ಮದಿ.

ಮೂರು ಪುಟ, ಒಂದು ಲೆಕ್ಕ

ಎರಡನೇ ಸಲ ನಾವು ಬರೆದದ್ದು ಮೂರೇ ಪುಟ. ಮೊದಲು ಕನ್ನಡದಲ್ಲಿ ಬರೆದು, ಆಮೇಲೆ ಇಂಗ್ಲಿಷ್ ಮಾಡಿಸಿದೆವು. ಇದು ದೊಡ್ಡ ಉಪಕಾರ ಮಾಡಿತು. ಕನ್ನಡದಲ್ಲಿ ಬರೆಯುವಾಗ ಸುಳ್ಳು ಅಲಂಕಾರ ಹಾಕಲು ನಮಗೇ ನಾಚಿಕೆ! ಸಮಸ್ಯೆ ಏನು, ಎಷ್ಟು ಜನಕ್ಕೆ, ನಾವು ಏನು ಮಾಡುತ್ತೇವೆ, ಯಾರು ಮಾಡುತ್ತಾರೆ, ವರ್ಷದ ಕೊನೆಗೆ ಏನು ಬದಲಾಗಿರುತ್ತದೆ, ಅದು ಬದಲಾಯಿತು ಅಂತ ನಿಮಗೆ ಹೇಗೆ ತೋರಿಸುತ್ತೇವೆ. ಇಷ್ಟೇ. ತೋರಿಸುವುದಕ್ಕೆ ನಾವು ಇಟ್ಟುಕೊಂಡದ್ದು ಎರಡು ಪುಸ್ತಕ: ಶಿಶುವಿಹಾರದ ಹಾಜರಿ, ಆ ಒಂಬತ್ತು ಮಕ್ಕಳ ಶಾಲೆಯ ಹಾಜರಿ.

ಹಣದ ಲೆಕ್ಕ ಹೀಗಿತ್ತು. ದಿನಕ್ಕೆ ಸರಾಸರಿ 20 ಮಕ್ಕಳು ಬರುತ್ತಾರೆ ಎಂದುಕೊಂಡೆವು. ಇಬ್ಬರು ಸಹಾಯಕಿಯರಿಗೆ ತಲಾ 14,000ದಂತೆ ವರ್ಷಕ್ಕೆ 3,36,000. ಊಟ, ಹಾಲು, ಸಂಜೆಯ ತಿಂಡಿಗೆ ತಿಂಗಳಿಗೆ 13,000ದಂತೆ 1,56,000. ಬಾಡಿಗೆ 8,000ದಂತೆ 96,000. ಚಾಪೆ, ತೊಟ್ಟಿಲು, ಒಲೆ, ಫಿಲ್ಟರು, ಪ್ರಥಮ ಚಿಕಿತ್ಸೆ ಪೆಟ್ಟಿಗೆ ಒಮ್ಮೆಗೆ 60,000. ಆಡಿಟರ್ ಶುಲ್ಕ, ಪುಸ್ತಕ, ಇತರೆ 24,000. ಒಟ್ಟು 6,72,000. ಒಂದು ಮಗುವಿಗೆ ತಿಂಗಳಿಗೆ 2,800 ರೂಪಾಯಿ.

ಮೊದಲಿನ 25 ಲಕ್ಷ ಎಲ್ಲಿ, ಇದೆಲ್ಲಿ! ಇದರಲ್ಲೂ ಅಷ್ಟನ್ನೂ ನಾವು ಕೇಳಲಿಲ್ಲ. ಮಂಡಳಿಯ 52 ಸದಸ್ಯೆಯರು ತಿಂಗಳಿಗೆ 250 ರೂಪಾಯಿ ಹಾಕಿದರೆ ಸರಿಯಾಗಿ 13,000, ಅಂದರೆ ಊಟದ ಖರ್ಚು ನಮ್ಮದು ಅಂತ ಬರೆದೆವು. ಇದನ್ನು ಒಪ್ಪಿಸೋಕೆ ಮೂರು ಸಭೆ ಹಿಡಿಯಿತು, ಮುಚ್ಚುಮರೆ ಯಾಕೆ. ಆದರೆ ಕೊಡುವವರ ಕಣ್ಣಿಗೆ ಮೊದಲು ಬಿದ್ದದ್ದು ಇದೇ ಸಾಲು. ‘ನೀವೆಷ್ಟು ಹಾಕ್ತೀರಿ?’ ಅಂತ ಅವರು ಬಾಯಿ ಬಿಟ್ಟು ಕೇಳದಿದ್ದರೂ ಮನಸ್ಸಿನಲ್ಲಿ ಕೇಳುತ್ತಿರುತ್ತಾರೆ. ಬಾಡಿಗೆ ಕೊಡಲಾಗದು ಅಂದರು. ನಿವೃತ್ತ ಟೀಚರೊಬ್ಬರು ತಮ್ಮ ಔಟ್‌ಹೌಸನ್ನು ಬಿಟ್ಟುಕೊಟ್ಟರು. ಉಳಿದ 4,20,000 ಮಂಜೂರಾಯಿತು, ಎರಡು ಕಂತಿನಲ್ಲಿ.

ಸಂಬಳದ ವಿಷಯದಲ್ಲಿ ಒಂದು ಬುದ್ಧಿಮಾತು. ನಾವು ಹೆಂಗಸರು ಸೇವೆ ಅಂದ ಕೂಡಲೇ ಕೆಲಸ ಮಾಡುವವಳಿಗೆ ಕಡಿಮೆ ಬರೆಯುತ್ತೇವೆ, ಅರ್ಜಿ ಅಗ್ಗವಾಗಿ ಕಾಣಲಿ ಅಂತ. ಬೇಡ. ಕನಿಷ್ಠ ವೇತನ ಎಷ್ಟು ಅಂತ ವಿಚಾರಿಸಿ ಅದಕ್ಕೆ ತಕ್ಕಂತೆ ಬರೆಯಿರಿ. ನಮ್ಮ ಇಬ್ಬರು ಸಹಾಯಕಿಯರೂ ಅದೇ ಕಾಲೊನಿಯವರು. ಅವರ ಸಂಬಳದಲ್ಲಿ ಉಳಿಸಿ ಅವರ ಮಕ್ಕಳ ಉದ್ಧಾರ ಮಾಡುತ್ತೇವೆ ಅಂದರೆ ಯಾರಾದರೂ ನಕ್ಕಾರು.

ಮಕ್ಕಳಿರುವ ಕೆಲಸವಾದರೆ ಮಕ್ಕಳ ಸುರಕ್ಷತೆಗೆ ನೀವು ಮಾಡಿಕೊಂಡಿರುವ ನಿಯಮ ಕೇಳುತ್ತಾರೆ. ಮಗುವನ್ನು ಯಾರ ಕೈಗೆ ಒಪ್ಪಿಸಬೇಕು, ಒಳಗೆ ಯಾರು ಬರಬಹುದು, ಏನಾದರೂ ಆದರೆ ಯಾರಿಗೆ ಫೋನ್ ಮಾಡಬೇಕು, ಫೋಟೋ ತೆಗೆಯಲು ತಾಯಿಯ ಒಪ್ಪಿಗೆ ಇದೆಯೇ. ಒಂದು ಪುಟ ಬರೆದು ಗೋಡೆಗೆ ಅಂಟಿಸಿ. ಕೆಲಸಕ್ಕೆ ಸೇರಿಸಿಕೊಳ್ಳುವವರ ಪೊಲೀಸ್ ಪರಿಶೀಲನೆ ಮಾಡಿಸಿ.

ಹೀಗೆ ಶುರು ಮಾಡಿದವರಲ್ಲಿ ನಾವೇ ಮೊದಲಿಗರೇನಲ್ಲ ಬಿಡಿ. 1969ರಲ್ಲಿ ದೆಹಲಿಯ ರಾಜಘಾಟ್ ಬಳಿ ಕಟ್ಟಡ ಕೆಲಸ ನಡೆಯುತ್ತಿದ್ದ ಜಾಗದಲ್ಲಿ ಮೀರಾ ಮಹದೇವನ್ ಕೂಲಿ ಹೆಂಗಸರ ಕೂಸುಗಳಿಗಾಗಿ ಒಂದು ಟೆಂಟಿನಲ್ಲಿ ಶುರು ಮಾಡಿದ್ದೇ ಮುಂದೆ ‘ಮೊಬೈಲ್ ಕ್ರೆಷಸ್’ ಸಂಸ್ಥೆಯಾಯಿತು. ನಮಗೆ ಔಟ್‌ಹೌಸ್ ಇತ್ತು, ಅವರಿಗೆ ಟೆಂಟು.

ಹಣ ಬಂದ ಮೇಲೆ

ಖಾತೆಗೆ ದುಡ್ಡು ಬಿದ್ದ ದಿನ ನಾವು ಮೈಸೂರು ಪಾಕ್ ಹಂಚಿದೆವು, ಸ್ವಂತ ದುಡ್ಡಿನಲ್ಲಿ. ಅನುದಾನದ ಒಂದು ರೂಪಾಯಿಯನ್ನೂ ಒಪ್ಪಂದ ಪತ್ರದಲ್ಲಿ ಬರೆಯದ ಬಾಬ್ತಿಗೆ ಹಾಕುವಂತಿಲ್ಲ. ತೊಟ್ಟಿಲಿನ ಹಣ ಉಳಿಯಿತು, ಊಟಕ್ಕೆ ಹಾಕೋಣ ಅನ್ನಿಸಿದರೆ ಮೊದಲು ಪತ್ರ ಬರೆದು ಕೇಳಿ. ಬಹಳ ಸಲ ಒಪ್ಪುತ್ತಾರೆ. ಕೇಳದೆ ಮಾಡಿದರೆ ಮುಂದಿನ ಕಂತು ನಿಲ್ಲುತ್ತದೆ. ಪ್ರತಿ ಖರ್ಚಿಗೂ ವೋಚರ್, ಬಿಲ್ಲು. ತರಕಾರಿಯವಳು ಬಿಲ್ಲು ಎಲ್ಲಿ ಕೊಡ್ತಾಳೆ ಅಂತೀರಾ? ನಾವೇ ವೋಚರ್ ಬರೆದು ಅವಳ ಸಹಿ ಹಾಕಿಸಿಕೊಳ್ಳುತ್ತೇವೆ. ಮೊದಮೊದಲು ಆಕೆ ನಗುತ್ತಿದ್ದಳು, ಈಗ ತಾನೇ ಪೆನ್ನು ಕೇಳುತ್ತಾಳೆ.

ಸದಸ್ಯೆಯರ ವಂತಿಗೆಯಾಗಲಿ, ಬೇರೆಯವರ ದಾನವಾಗಲಿ, ಚೆಕ್ಕಿನಲ್ಲೋ ಖಾತೆಗೋ ಬರಲಿ. 2,000 ರೂಪಾಯಿಗಿಂತ ಹೆಚ್ಚು ನಗದಾಗಿ ಕೊಟ್ಟ ದಾನಕ್ಕೆ ಕೊಟ್ಟವರಿಗೆ ತೆರಿಗೆ ರಿಯಾಯಿತಿಯೂ ಸಿಗುವುದಿಲ್ಲ.

ಇನ್ನು ವರದಿ. ಆರು ತಿಂಗಳಿಗೊಮ್ಮೆ ಕಳಿಸಬೇಕಿತ್ತು. ಮೊದಲ ವರದಿ ಬರೆಯುವ ಹೊತ್ತಿಗೆ ಒಬ್ಬ ಸಹಾಯಕಿ ಬಿಟ್ಟುಹೋಗಿದ್ದಳು, ಮೂರು ವಾರ ಮಕ್ಕಳನ್ನು ಅರ್ಧ ದಿನಕ್ಕೇ ವಾಪಸು ಕಳಿಸಿದ್ದೆವು. ಆ ಒಂಬತ್ತರಲ್ಲಿ ಆರು ಮಕ್ಕಳು ಮಾತ್ರ ಶಾಲೆಗೆ ಸರಿಯಾಗಿ ಹೋಗುತ್ತಿದ್ದರು. ಒಂದು ಮನೆಯವರು ಊರು ಬಿಟ್ಟಿದ್ದರು, ಇಬ್ಬರು ಹೋಗುತ್ತಲೇ ಇರಲಿಲ್ಲ. ಅವರಲ್ಲಿ ಒಬ್ಬಳು ನಮ್ಮ ಮನೆಗೆ ಬರುವಾಕೆಯ ಮಗಳು. ಕಾರ್ಯದರ್ಶಿ ‘ಇದನ್ನೆಲ್ಲ ಬರೀಬೇಕಾ? ಎರಡನೇ ಕಂತು ಬರದೇ ಹೋದ್ರೆ?’ ಅಂದರು. ನನಗೂ ಅಳುಕಿತ್ತು. ಹಾಗೇ ಬರೆದೆವು. ಒಂದು ವಾರಕ್ಕೆ ಅದೇ ಫೋನಿನ ಹುಡುಗಿ ಶಿಶುವಿಹಾರಕ್ಕೇ ಬಂದಳು. ಚಾಪೆಯ ಮೇಲೆ ಕೂತು ಎರಡೂ ಹಾಜರಿ ಪುಸ್ತಕ ತಿರುವಿ ಹಾಕಿದಳು. ಸಹಾಯಕಿ ಯಾಕೆ ಬಿಟ್ಟಳು ಅಂತ ಕೇಳಿದಳು. ಕಂತು ಬಂತು, ರಜೆಯ ದಿನಗಳಿಗೆ ಬದಲಿ ಆಳು ಇಟ್ಟುಕೊಳ್ಳಲು ಸ್ವಲ್ಪ ಹೆಚ್ಚೇ ಸೇರಿಸಿ.

ಯಾವ ಅನುದಾನವೂ ಜೀವಮಾನಕ್ಕಲ್ಲ ಎಂಬುದು ಮಾತ್ರ ಮೊದಲ ದಿನದಿಂದಲೇ ತಲೆಯಲ್ಲಿರಲಿ. ನಮ್ಮದು ಮೂರು ವರ್ಷಕ್ಕೆ, ಕೊನೆಯ ವರ್ಷ ಅರ್ಧ ಮಾತ್ರ. ಉಳಿದರ್ಧಕ್ಕೆ ಹೂಟಗಳ್ಳಿ ಕಡೆಯ ಒಂದು ಕಾರ್ಖಾನೆಯವರು ಬಂದು ಮಾತಾಡಿ ಅಂದಿದ್ದಾರೆ. ಹೋಗುವವರು ನಾವು ಮೂವರು. ಕೈಯಲ್ಲಿ ಹಾಜರಿ ಪುಸ್ತಕಗಳ ನಕಲು, ಆಡಿಟ್ ಆದ ಲೆಕ್ಕ, ಮೂರು ಪುಟದ ಅರ್ಜಿ. ದೀಪ ಬೆಳಗಿಸುವ ಫೋಟೋ ಈ ಸಲ ಇಲ್ಲ.